ತಲೆ ಸುತ್ತಿದರೆ ಕಿವಿ ಡಾಕ್ಟರ ಹತ್ತಿರ ಯಾಕೆ ಕಳಿಸುತ್ತಾರೆ?

ಬೆಳಗ್ಗೆ ಎಚ್ಚರವಾಗಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತೀರಿ. ಅಷ್ಟರಲ್ಲಿ ಫ್ಯಾನು, ಗೋಡೆ, ಕಿಟಕಿ ಎಲ್ಲವೂ ಗಿರ್ರನೆ ತಿರುಗತೊಡಗುತ್ತವೆ. ಮಂಚದ ಅಂಚು ಹಿಡಿದು ಕಣ್ಣು ಮುಚ್ಚಿದರೂ ನಿಲ್ಲದು. ಅರ್ಧ ನಿಮಿಷದಲ್ಲಿ ಎಲ್ಲ ಸ್ಥಿರವಾಗುತ್ತದೆ, ಹೊಟ್ಟೆ ತೊಳಸುವುದು ಮಾತ್ರ ಉಳಿಯುತ್ತದೆ. ಮನೆಯವರು ಬಿಪಿ ಇರಬೇಕು ಅನ್ನುತ್ತಾರೆ, ಪಕ್ಕದ ಮನೆಯವರು ಪಿತ್ತ ಅನ್ನುತ್ತಾರೆ, ಇನ್ಯಾರೋ ಗ್ಯಾಸ್ಟ್ರಿಕ್ ಅನ್ನುತ್ತಾರೆ. ಕೊನೆಗೆ ಡಾಕ್ಟರು ‘ಇಎನ್‌ಟಿಯವರಿಗೆ ತೋರಿಸಿ’ ಅಂದಾಗ ಬಹಳ ಮಂದಿ ತಬ್ಬಿಬ್ಬಾಗುತ್ತಾರೆ. ಕಿವಿ ಚೆನ್ನಾಗಿಯೇ ಕೇಳಿಸುತ್ತಿದೆಯಲ್ಲ, ತಲೆ ಸುತ್ತುವುದಕ್ಕೂ ಕಿವಿಗೂ ಏನು ಸಂಬಂಧ?

ಸಂಬಂಧ ತೀರಾ ಹತ್ತಿರದ್ದು. ಕೇಳಿಸುವ ಕೆಲಸವನ್ನೂ ದೇಹದ ಸಮತೋಲನ ಕಾಯುವ ಕೆಲಸವನ್ನೂ ತಲೆಬುರುಡೆಯ ಒಂದೇ ಎಲುಬಿನೊಳಗೆ, ಒಂದಕ್ಕೊಂದು ಅಂಟಿಕೊಂಡ ಎರಡು ಅಂಗಗಳು ಮಾಡುತ್ತವೆ. ಎರಡರಲ್ಲೂ ದುಡಿಯುವುದು ಒಂದೇ ಜಾತಿಯ ಜೀವಕೋಶ. ಅದು ಬಾಗಿದರೆ ನರಕ್ಕೆ ಸುದ್ದಿ ಹೋಗುತ್ತದೆ. ಸದ್ದು ಬಾಗಿಸಿದರೆ ನಮಗೆ ಕೇಳಿಸುತ್ತದೆ, ತಲೆಯ ಚಲನೆ ಬಾಗಿಸಿದರೆ ನಾವು ತಿರುಗಿದ್ದು ಗೊತ್ತಾಗುತ್ತದೆ. ಈ ಒಂದು ಕೋಶದ ಕಥೆ ತಿಳಿದರೆ ಕಿವುಡು, ತಲೆಸುತ್ತು, ಘಾಟಿಯ ವಾಂತಿ, ಡಿಜೆ ಸದ್ದಿನ ನಂತರ ಕಿವಿ ಗುಂಯ್‌ಗುಡುವುದು ಎಲ್ಲದರ ಬುಡ ಸಿಗುತ್ತದೆ.

ಹೊರಕಿವಿ, ಮತ್ತು ಗುಗ್ಗೆಯ ಬಗ್ಗೆ ಎರಡು ಮಾತು

ಓಲೆ ಹಾಕಿಕೊಳ್ಳುವ ಭಾಗ ಶಬ್ದವನ್ನು ಒಟ್ಟುಮಾಡಿ ಒಳಕ್ಕೆ ಕಳಿಸುತ್ತದೆ. ಅದರ ಮಡಿಕೆಗಳಿಗೂ ಕೆಲಸವಿದೆ. ಸದ್ದು ಮೇಲಿನಿಂದ ಬಂತೋ ಕೆಳಗಿನಿಂದಲೋ, ಮುಂದಿನಿಂದಲೋ ಹಿಂದಿನಿಂದಲೋ ಎಂದು ಮಿದುಳು ಊಹಿಸುವುದು ಆ ಮಡಿಕೆಗಳಲ್ಲಿ ಸದ್ದು ಬದಲಾಗುವ ರೀತಿಯಿಂದ. ಎಡ ಬಲ ತಿಳಿಯಲು ಮಾತ್ರ ಎರಡೂ ಕಿವಿ ಬೇಕು. ಬಲಗಡೆಯ ಬಸ್ಸಿನ ಹಾರನ್ ಬಲಗಿವಿಗೆ ತಲುಪಿದ ಮೇಲೆ ಎಡಗಿವಿಗೆ ತಲುಪಲು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಸಾಕು. ಮಿದುಳು ಆ ಅಂತರವನ್ನೂ ಹಿಡಿಯುತ್ತದೆ. ಒಂದು ಕಿವಿ ಕೇಳಿಸದವರು ರಸ್ತೆ ದಾಟುವಾಗ ಗಾಡಿ ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯದೆ ಕಕ್ಕಾಬಿಕ್ಕಿಯಾಗುವುದು ಇದರಿಂದಲೇ.

ಅಲ್ಲಿಂದ ಸುಮಾರು ಎರಡೂವರೆ ಸೆಂಟಿಮೀಟರಿನ ಕೊಳವೆ, ಅದರ ತುದಿಗೆ ಕಿವಿತಮಟೆ. ಈ ಕೊಳವೆಯ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಸರಿಯುತ್ತಿರುತ್ತದೆ, ಗುಗ್ಗೆಯನ್ನೂ ತನ್ನ ಜೊತೆ ಹೊರಗೆ ತರುತ್ತದೆ. ಬಡ್ಸ್, ಹೇರ್‌ಪಿನ್ನು, ಬೆಂಕಿಕಡ್ಡಿ ಹಾಕಿದವರು ಹೊರಬರುತ್ತಿದ್ದ ಗುಗ್ಗೆಯನ್ನು ಮತ್ತೆ ತಮಟೆಯ ಕಡೆಗೆ ದೂಡಿ ಗಟ್ಟಿಮಾಡುತ್ತಾರೆ. ಬಿಸಿ ಎಣ್ಣೆ ಬಿಡುವ ಅಭ್ಯಾಸವೂ ಅಪಾಯವೇ. ಕಿವಿ ಸೋರುವವರ ತಮಟೆಯಲ್ಲಿ ಸಾಮಾನ್ಯವಾಗಿ ತೂತಿರುತ್ತದೆ, ಎಣ್ಣೆ ನೇರವಾಗಿ ಮಧ್ಯಕಿವಿಗೆ ಇಳಿಯುತ್ತದೆ.

ಗಾಳಿಯ ಸದ್ದು ನೀರಿಗೆ ಇಳಿಯುವ ಬಗೆ

ಬಾವಿಯಲ್ಲೋ ಕೆರೆಯಲ್ಲೋ ಮುಳುಗು ಹಾಕಿದವರಿಗೆ ಗೊತ್ತು, ದಡದಲ್ಲಿ ನಿಂತವರು ಎಷ್ಟು ಕೂಗಿದರೂ ನೀರೊಳಗೆ ಕೇಳಿಸುವುದು ಅಷ್ಟಕ್ಕಷ್ಟೆ. ಗಾಳಿಯಲ್ಲಿ ಬಂದ ಸದ್ದು ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯಲ್ಲಿ ಸಾವಿರಕ್ಕೆ ಸುಮಾರು 999 ಪಾಲು ಹಿಂದಕ್ಕೆ ಹೋಗುತ್ತದೆ, ಒಳಗಿಳಿಯುವುದು ಒಂದು ಪಾಲು. ನಮ್ಮ ಒಳಕಿವಿಯಲ್ಲಿ ತುಂಬಿರುವುದು ದ್ರವ. ಹಾಗಾದರೆ ಗಾಳಿಯಲ್ಲಿ ಬಂದ ಪಿಸುಮಾತು ಆ ದ್ರವವನ್ನು ಅಲುಗಿಸುವುದು ಹೇಗೆ?

ಮಧ್ಯಕಿವಿ ಇರುವುದೇ ಈ ತೊಡಕು ಬಿಡಿಸಲಿಕ್ಕೆ. ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಲ್ಲಿ ಮೂರು ಎಲುಬುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ: ಸುತ್ತಿಗೆ, ಅಡಿಗಲ್ಲು, ರಿಕಾಪು. ಕೊನೆಯದಾದ ರಿಕಾಪು ಮೂರು ಮಿಲಿಮೀಟರಿನಷ್ಟು ಉದ್ದ, ದೇಹದಲ್ಲೇ ಅತಿ ಸಣ್ಣ ಎಲುಬು. ಅದರ ಪಾದ ಒಳಕಿವಿಯ ಅಂಡಾಕಾರದ ಕಿಂಡಿಯ ಮೇಲೆ ಕೂತಿದೆ. ತಮಟೆಯಲ್ಲಿ ನಿಜವಾಗಿ ಕಂಪಿಸುವ ಭಾಗ ಸುಮಾರು 55 ಚದರ ಮಿಲಿಮೀಟರು, ಕಿಂಡಿ ಬರೀ ಮೂರು ಚದರ ಮಿಲಿಮೀಟರಿಗೆ ತುಸು ಹೆಚ್ಚು. ಅಗಲವಾದ ತಮಟೆಯ ಮೇಲೆ ಬಿದ್ದ ಬಲವೆಲ್ಲ ಅಷ್ಟು ಚಿಕ್ಕ ಜಾಗಕ್ಕೆ ಒತ್ತರಿಸಿದಾಗ ಒತ್ತಡ 17 ಪಟ್ಟಾಗುತ್ತದೆ. ಎಲುಬುಗಳು ಸನ್ನೆಗೋಲಿನ ರೀತಿ ಮೀಟುವುದರಿಂದ ಇನ್ನಷ್ಟು ಸೇರಿ ಒಟ್ಟು ಸುಮಾರು 22 ಪಟ್ಟು. ಗಾಳಿಯಿಂದ ನೀರಿಗೆ ಇಳಿಯುವಾಗ ಕಳೆದುಹೋಗಬೇಕಿದ್ದ ಸದ್ದಿನ ದೊಡ್ಡ ಪಾಲು ಇಲ್ಲಿ ಉಳಿಯುತ್ತದೆ.

ಈ ಏರ್ಪಾಟು ನಡೆಯಬೇಕಾದರೆ ತಮಟೆಯ ಎರಡೂ ಕಡೆ ಗಾಳಿಯ ಒತ್ತಡ ಸಮ ಇರಬೇಕು. ಅದಕ್ಕಾಗಿ ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಯೂಸ್ಟೇಕಿಯನ್ ನಾಳ ಇದೆ. ಸಾಮಾನ್ಯವಾಗಿ ಮುಚ್ಚಿರುತ್ತದೆ, ನುಂಗಿದಾಗ ಅಥವಾ ಆಕಳಿಸಿದಾಗ ಕ್ಷಣಕಾಲ ತೆರೆಯುತ್ತದೆ. ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವಾಗ ಹೊರಗಿನ ಒತ್ತಡ ಹೆಚ್ಚುತ್ತ ತಮಟೆಯನ್ನು ಒಳಕ್ಕೆ ಒತ್ತುತ್ತದೆ, ಕಿವಿ ಕಟ್ಟಿದಂತಾಗುತ್ತದೆ. ಉಗುಳು ನುಂಗಿದೊಡನೆ ‘ಟಕ್’ ಅಂದು ಬಿಟ್ಟುಕೊಳ್ಳುವುದು ಈ ನಾಳ ತೆರೆದುಕೊಂಡ ಸದ್ದು. ನೆಗಡಿಯಲ್ಲಿ ನಾಳದ ಒಳಪೊರೆ ಊದಿಕೊಂಡಿರುವುದರಿಂದ ಅದು ತೆರೆಯದೆ ನೋವು ಬರುತ್ತದೆ. ಪುಟ್ಟ ಮಕ್ಕಳಲ್ಲಿ ನಾಳ ಗಿಡ್ಡವಾಗಿ, ಹೆಚ್ಚು ಅಡ್ಡಡ್ಡಲಾಗಿ ಇರುತ್ತದೆ. ಅವರಿಗೆ ಶೀತವಾದಾಗಲೆಲ್ಲ ಕಿವಿನೋವು ಹತ್ತಿಕೊಳ್ಳುವುದಕ್ಕೆ ಇದು ದೊಡ್ಡ ಕಾರಣ.

ಸುರುಳಿಯೊಳಗಿನ ಕೋಶಗಳು

ಕಿಂಡಿಯ ಆಚೆ ಇರುವುದು ಕಾಕ್ಲಿಯ. ಬಟಾಣಿ ಗಾತ್ರದ, ಬಸವನಹುಳುವಿನ ಚಿಪ್ಪಿನ ಆಕಾರದ ಎಲುಬಿನ ಸುರುಳಿ. ಎರಡೂವರೆ ಸುತ್ತಿಗಿಂತ ತುಸು ಹೆಚ್ಚು, ಬಿಚ್ಚಿ ನೀಟಾಗಿ ಹಾಸಿದರೆ ಸುಮಾರು 35 ಮಿಲಿಮೀಟರು. ಅದರ ಉದ್ದಕ್ಕೂ ಒಂದು ಪೊರೆ ಹಾಸಿದೆ. ಬುಡದಲ್ಲಿ ಕಿರಿದಾಗಿ ಬಿಗಿಯಾಗಿ, ತುದಿಯತ್ತ ಹೋದಂತೆ ಅಗಲವಾಗಿ ಸಡಿಲವಾಗಿ ಇದೆ. ಆದ್ದರಿಂದ ಪ್ರತಿಯೊಂದು ಸ್ವರಕ್ಕೂ ಅದರ ಮೇಲೆ ಒಂದು ಜಾಗ ಗೊತ್ತಾಗಿದೆ. ಕುಕ್ಕರಿನ ಸೀಟಿಯಂಥ ಕೀರಲು ಸದ್ದಿಗೆ ಬುಡದ ಭಾಗ ಜೋರಾಗಿ ಅಲುಗುತ್ತದೆ, ಡೊಳ್ಳಿನ ಗುಡುಗಿಗೆ ತುದಿ. ಸತ್ತವರ ಕಿವಿಗಳಿಂದ ತೆಗೆದ ಕಾಕ್ಲಿಯಗಳ ಒಳಗೆ ಈ ಅಲೆ ಓಡುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡವರು ಹಂಗೆರಿಯಲ್ಲಿ ಹುಟ್ಟಿದ ಗೆಯಾರ್ಗ್ ಫಾನ್ ಬೆಕೆಸಿ. ಅವರಿಗೆ 1961ರಲ್ಲಿ ನೊಬೆಲ್ ಬಹುಮಾನ ಬಂತು.

ಆ ಪೊರೆಯ ಮೇಲೆ ಕೇಶಕೋಶಗಳು ಸಾಲಾಗಿ ಕೂತಿವೆ. ಹೆಸರಿನಲ್ಲಿ ಕೇಶವಿದ್ದರೂ ಅವು ಕೂದಲಲ್ಲ. ಪ್ರತಿ ಕೋಶದ ನೆತ್ತಿಯಲ್ಲಿ ಎತ್ತರದ ಪ್ರಕಾರ ಸಾಲುಗಟ್ಟಿ ನಿಂತ ಅತಿಸೂಕ್ಷ್ಮ ಕಡ್ಡಿಗಳಿವೆ. ಗಿಡ್ಡ ಕಡ್ಡಿಯ ತುದಿಯಿಂದ ಪಕ್ಕದ ಉದ್ದ ಕಡ್ಡಿಗೆ ಒಂದೊಂದು ಎಳೆ ಕಟ್ಟಿದೆ. ಪೊರೆ ಅಲುಗಿ ಕಡ್ಡಿಗಳು ಉದ್ದದ ಕಡೆಗೆ ವಾಲಿದಾಗ ಆ ಎಳೆ ಬಿಗಿಯುತ್ತದೆ, ಬಿಗಿದಾಗ ಕಡ್ಡಿಯ ತುದಿಯ ಪುಟ್ಟ ಕದ ತೆರೆಯುತ್ತದೆ. ಹೊರಗಿನ ದ್ರವದಲ್ಲಿ ತುಂಬಿರುವ ಪೊಟ್ಯಾಸಿಯಂ ಒಳಕ್ಕೆ ನುಗ್ಗುತ್ತದೆ. ಅದೇ ವಿದ್ಯುತ್ ಸಂಕೇತ. ಕೆಳಗೆ ಕಾದಿರುವ ನರ ಅದನ್ನು ಮಿದುಳಿಗೆ ಒಯ್ಯುತ್ತದೆ. ತೀರಾ ಮೆಲ್ಲನೆಯ ಸದ್ದಿಗೆ ಈ ಕಡ್ಡಿಗಳು ವಾಲುವ ದೂರ ಅಣುಗಳ ಗಾತ್ರಕ್ಕೆ ಹತ್ತಿರ. ಇಡೀ ದೇಹದಲ್ಲಿ ಇಷ್ಟು ನಾಜೂಕಾದ ಯಂತ್ರ ಇನ್ನೊಂದು ಇದೆಯೇ ಎಂದು ನನಗೆ ಅನುಮಾನ.

ಕೇಶಕೋಶಗಳಲ್ಲಿ ಎರಡು ಬಗೆ. ಒಂದು ಕಿವಿಯಲ್ಲಿ ಸುಮಾರು 3,500 ಒಳಸಾಲಿನವು, ಸುಮಾರು 12,000 ಹೊರಸಾಲಿನವು. ಮಿದುಳಿಗೆ ಸುದ್ದಿ ಮುಟ್ಟಿಸುವವು ಮುಖ್ಯವಾಗಿ ಒಳಸಾಲಿನವು. ಹೊರಸಾಲಿನವುಗಳ ಕೆಲಸ ಬೇರೆ. ಸದ್ದು ಬಂದಾಗ ಅವು ತಾಳಕ್ಕೆ ತಕ್ಕಂತೆ ತಾವೇ ಗಿಡ್ಡವಾಗಿ ಉದ್ದವಾಗಿ ಪೊರೆಯನ್ನು ಇನ್ನಷ್ಟು ಅಲುಗಿಸುತ್ತವೆ, ಅಂದರೆ ಕ್ಷೀಣ ಸದ್ದನ್ನು ಹಿಗ್ಗಿಸುತ್ತವೆ. ಈ ಕುಣಿತದ ಪ್ರತಿಧ್ವನಿ ಕಿವಿಯಿಂದ ಹೊರಕ್ಕೂ ಬರುತ್ತದೆ. ಅದನ್ನು ಮೈಕಿನಿಂದ ಹಿಡಿಯಬಹುದು ಎಂದು ಇಂಗ್ಲೆಂಡಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿಕೊಟ್ಟರು. ಇವತ್ತು ಆಸ್ಪತ್ರೆಯಲ್ಲಿ ಮಲಗಿದ ಹಸುಗೂಸಿನ ಕಿವಿಗೆ ಮೆತ್ತನೆಯ ತುದಿ ಇಟ್ಟು ಕೆಲವೇ ನಿಮಿಷಗಳಲ್ಲಿ ಮಾಡುವ ಪರೀಕ್ಷೆಗೆ ಇದೇ ಆಧಾರ. ಸೂಜಿ ಇಲ್ಲ, ನೋವಿಲ್ಲ, ಮಗು ಉತ್ತರ ಕೊಡಬೇಕಾಗಿಯೂ ಇಲ್ಲ. ಯಂತ್ರ ಚಿಟಿಪಿಟಿ ಸದ್ದು ಕಳಿಸುತ್ತದೆ, ಒಳಗಿನ ಕೋಶಗಳು ಆರೋಗ್ಯವಾಗಿದ್ದರೆ ಮರುಸದ್ದು ಬರುತ್ತದೆ.

ತಿರುಗಿದ್ದು ತಲೆಗೆ ಗೊತ್ತಾಗುವ ಪರಿ

ಕಾಕ್ಲಿಯದ ಹಿಂದೆ, ಅದೇ ದ್ರವ ಹಂಚಿಕೊಂಡು, ಸಮತೋಲನದ ಅಂಗ ಇದೆ. ಒಂದೊಂದು ಕಿವಿಯಲ್ಲೂ ಮೂರು ಅರ್ಧವರ್ತುಲ ನಾಳಗಳು, ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ. ‘ಹೂಂ’ ಎಂದು ತಲೆಯಾಡಿಸಿ, ‘ಊಹೂಂ’ ಎಂದು ಅಲ್ಲಾಡಿಸಿ, ಭುಜದ ಕಡೆಗೆ ವಾಲಿಸಿ, ಯಾವುದಾದರೂ ಒಂದು ನಾಳಕ್ಕೆ ತಿಳಿದೇ ತಿಳಿಯುತ್ತದೆ.

ನೀರು ತುಂಬಿದ ಬಿಂದಿಗೆಯ ಮೇಲೆ ಒಂದು ಎಲೆ ತೇಲಿಬಿಟ್ಟು ಬಿಂದಿಗೆಯನ್ನು ತಟ್ಟನೆ ತಿರುಗಿಸಿ ನೋಡಿ. ಬಿಂದಿಗೆ ತಿರುಗುತ್ತದೆ, ನೀರು ಮತ್ತು ಎಲೆ ಇದ್ದಲ್ಲೇ ನಿಂತಿರುತ್ತವೆ. ತಿರುಗಿಸುತ್ತಲೇ ಇದ್ದರೆ ನಿಧಾನಕ್ಕೆ ನೀರೂ ಜೊತೆಗೆ ತಿರುಗತೊಡಗುತ್ತದೆ. ಬಿಂದಿಗೆಯನ್ನು ಗಕ್ಕನೆ ಹಿಡಿದು ನಿಲ್ಲಿಸಿದರೆ ನೀರು ಮಾತ್ರ ಸುತ್ತುತ್ತಲೇ ಇರುತ್ತದೆ. ಕಿವಿಯ ನಾಳದೊಳಗೆ ನಡೆಯುವುದೂ ಇದೇ. ತಲೆ ತಿರುಗಿದಾಗ ಹಿಂದುಳಿದ ದ್ರವ, ನಾಳಕ್ಕೆ ಅಡ್ಡಲಾಗಿ ನಿಂತ ಲೋಳೆಯ ಪರದೆಯನ್ನು ಒತ್ತುತ್ತದೆ. ಆ ಪರದೆಯೊಳಗೆ ಹೂತ ಕೇಶಕೋಶಗಳ ಕಡ್ಡಿಗಳು ಬಾಗುತ್ತವೆ. ಮಕ್ಕಳು ಅಂಗಳದಲ್ಲಿ ಗಿರಗಿರ ಸುತ್ತಿ ನಿಂತಾಗ ಅವರು ನಿಂತಿದ್ದರೂ ನಾಳದ ದ್ರವ ನಿಂತಿರುವುದಿಲ್ಲ. ಊರೆಲ್ಲ ಎದುರು ದಿಕ್ಕಿಗೆ ಸುತ್ತಿದಂತೆ ಕಾಣುವುದು ಆ ಕೆಲವು ಸೆಕೆಂಡುಗಳ ಸುಳ್ಳು ಸುದ್ದಿಯಿಂದ.

ದ್ರವ ಚಲಿಸುವುದರಿಂದಲೇ ತಲೆ ಸುತ್ತುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ಕಿವಿ ತೊಳೆಯುವ ಕೋಣೆಯಲ್ಲಿ. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ರೋಗಿಗಳ ಕಿವಿಗೆ ತಣ್ಣೀರು ಹಾಯಿಸಿದಾಗ ತಲೆಸುತ್ತು ಬಂದು ಕಣ್ಣುಗುಡ್ಡೆ ಒಂದು ದಿಕ್ಕಿಗೆ ಜಗ್ಗುತ್ತಿತ್ತು, ಬಿಸಿನೀರು ಹಾಯಿಸಿದರೆ ವಿರುದ್ಧ ದಿಕ್ಕಿಗೆ. ತಣ್ಣಗಾದ ದ್ರವ ಕೆಳಗಿಳಿಯುತ್ತದೆ, ಬಿಸಿಯಾದದ್ದು ಮೇಲೇರುತ್ತದೆ ಎಂದು ಅವರು ವಿವರಿಸಿದರು. 1914ರ ನೊಬೆಲ್ ಅವರಿಗೆ ಸಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದರು. ಈ ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಕಿವಿ ತೊಳೆಯುವ ನೀರು ಮೈ ಬಿಸಿಯಷ್ಟೇ ಇರಬೇಕು ಎನ್ನುವುದಕ್ಕೂ ಕಾರಣ ಇದೇ.

ಮೂರು ನಾಳಗಳ ಬುಡದಲ್ಲಿ ಎರಡು ಚೀಲಗಳಿವೆ. ಅವು ತಿರುಗುವಿಕೆಯನ್ನು ಬಿಟ್ಟು ಉಳಿದದ್ದನ್ನು ನೋಡಿಕೊಳ್ಳುತ್ತವೆ: ತಲೆ ಎತ್ತ ವಾಲಿದೆ, ಲಿಫ್ಟು ಮೇಲೇರಿತೇ ಕೆಳಗಿಳಿಯಿತೇ, ಬಸ್ಸು ಮುಂದಕ್ಕೆ ಜಗ್ಗಿತೇ. ಅಲ್ಲಿನ ಕೇಶಕೋಶಗಳ ಮೇಲೊಂದು ಲೋಳೆಯ ಹಾಸು, ಅದರ ಮೇಲೆ ಕ್ಯಾಲ್ಸಿಯಂ ಕಾರ್ಬೋನೇಟಿನ ಸಾವಿರಾರು ಹರಳುಗಳು. ಸುಣ್ಣದ ಕಲ್ಲು, ಮೊಟ್ಟೆಯ ಚಿಪ್ಪು ಆಗಿರುವುದೂ ಇದೇ ವಸ್ತುವಿನಿಂದ. ತಲೆ ವಾಲಿದಾಗ ಹರಳುಗಳ ಭಾರ ಹಾಸನ್ನು ಎಳೆಯುತ್ತದೆ, ಕಡ್ಡಿಗಳು ಬಾಗುತ್ತವೆ.

ಈ ಅಂಗ ಎಷ್ಟು ಚುರುಕು ಎಂದು ಈಗಲೇ ನೋಡಬಹುದು. ಈ ಬರಹ ಇರುವ ಫೋನನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಆಡಿಸಿ, ಅಕ್ಷರಗಳು ಕಲಸಿಹೋಗುತ್ತವೆ. ಫೋನನ್ನು ಅಲುಗದಂತೆ ಹಿಡಿದು ಅಷ್ಟೇ ವೇಗದಲ್ಲಿ ತಲೆ ಅಲ್ಲಾಡಿಸಿ, ಓದಲು ಬರುತ್ತದೆ. ತಲೆ ತಿರುಗಿದ ಸುದ್ದಿ ಕಿವಿಯಿಂದ ಕಣ್ಣಿನ ಸ್ನಾಯುಗಳಿಗೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತಲುಪಿ ಕಣ್ಣುಗುಡ್ಡೆಯನ್ನು ಎದುರು ದಿಕ್ಕಿಗೆ ಹೊರಳಿಸುತ್ತದೆ. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿ ಇಷ್ಟು ಬೇಗ ಹೊರಳಿಸಲು ಮಿದುಳಿಗೆ ಆಗದು. ಒಳಕಿವಿಗೂ ಕಣ್ಣಿಗೂ ಹೊಂದಿಕೆ ತಪ್ಪಿದರೆ ಏನಾಗುತ್ತದೆ ಎಂಬುದು ಘಾಟಿಯ ಬಸ್ಸಿನಲ್ಲಿ ಮೊಬೈಲು ನೋಡಿದವರಿಗೆ ಗೊತ್ತು. ಕಣ್ಣು ‘ಕೂತಲ್ಲೇ ಇದ್ದೇವೆ’ ಅನ್ನುತ್ತದೆ, ಕಿವಿ ‘ಸುತ್ತುತ್ತಿದ್ದೇವೆ’ ಅನ್ನುತ್ತದೆ, ಹೊಟ್ಟೆ ಕಿವುಚುತ್ತದೆ. ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿದ್ದರೆ ವಾಂತಿ ಕಡಿಮೆ, ಏಕೆಂದರೆ ಆಗ ಇಬ್ಬರೂ ಒಂದೇ ಮಾತು ಹೇಳುತ್ತಾರೆ.

ಹರಳು ಜಾರಿದಾಗ

ಮಗ್ಗುಲು ಬದಲಿಸಿದಾಗ ಮನೆ ಸುತ್ತುವ ಆ ತಲೆಸುತ್ತಿಗೆ ಅತಿ ಸಾಮಾನ್ಯ ಕಾರಣ ಮೇಲೆ ಹೇಳಿದ ಹರಳುಗಳು. ವಯಸ್ಸಾದಂತೆ, ಇಲ್ಲವೆ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಹರಳು ಹಾಸಿನಿಂದ ಕಳಚಿ ಅರ್ಧವರ್ತುಲ ನಾಳದೊಳಕ್ಕೆ ಸೇರಿಕೊಳ್ಳುತ್ತವೆ. ಹೆಚ್ಚಾಗಿ ಹಿಂಬದಿಯ ನಾಳಕ್ಕೆ, ಏಕೆಂದರೆ ಮಲಗಿದಾಗ ಅದೇ ತಗ್ಗು. ಅಲ್ಲಿರಬಾರದ ಈ ಚೂರುಗಳು ತಲೆ ಅಲುಗಿದಾಗ ಜಾರುತ್ತ ದ್ರವವನ್ನು ಎಳೆಯುತ್ತವೆ, ಪರದೆ ಬಾಗುತ್ತದೆ. ತಲೆ ಆಗಲೇ ನಿಂತಿದ್ದರೂ ಆ ಕಿವಿ ‘ಇನ್ನೂ ತಿರುಗುತ್ತಿದ್ದೇವೆ’ ಎಂದು ಹೇಳುತ್ತಲೇ ಇರುತ್ತದೆ. ಹರಳು ತಳಕ್ಕೆ ಕೂತೊಡನೆ ಸುತ್ತು ನಿಲ್ಲುತ್ತದೆ. ಹಾಗಾಗಿ ಪ್ರತಿ ಸಲವೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ವೈದ್ಯರ ಚೀಟಿಯಲ್ಲಿ ಇದಕ್ಕೆ ಬಿಪಿಪಿವಿ ಎಂದು ಬರೆದಿರುತ್ತದೆ. ಈ ಹೆಸರಿಗೂ ರಕ್ತದೊತ್ತಡದ ಬಿಪಿಗೂ ಸಂಬಂಧವಿಲ್ಲ.

ಪತ್ತೆ ಮಾಡಲು ಸ್ಕ್ಯಾನು ಸಾಮಾನ್ಯವಾಗಿ ಬೇಡ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ಇಬ್ಬರು ವಿವರಿಸಿದ ಪರೀಕ್ಷೆ ಇದೆ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ರೋಗಿಯನ್ನು ಬೇಗನೆ ಹಿಂದಕ್ಕೆ ಮಲಗಿಸುತ್ತಾರೆ, ಕಣ್ಣು ತೆರೆದೇ ಇರಬೇಕು. ಒಂದೆರಡು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಕಣ್ಣುಗುಡ್ಡೆ ತಿರುಚುತ್ತ ಜಗ್ಗತೊಡಗುತ್ತದೆ, ಜೊತೆಗೆ ಸುತ್ತು. ಯಾವ ಕಿವಿ ಕೆಳಗಿದ್ದಾಗ ಹೀಗಾಯಿತೋ ಹರಳು ಜಾರಿರುವುದು ಆ ಕಿವಿಯಲ್ಲಿ.

ಚಿಕಿತ್ಸೆ ಇನ್ನೂ ಸರಳ. ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯರು ರೂಪಿಸಿದ ಕ್ರಮದಲ್ಲಿ ತೊಂದರೆಯ ಕಿವಿಯ ಕಡೆಗೆ ತಲೆಯನ್ನು 45 ಡಿಗ್ರಿ ತಿರುಗಿಸಿ ಹಿಂದಕ್ಕೆ ಮಲಗಿಸುತ್ತಾರೆ, ತಲೆ ಮಂಚದ ಅಂಚಿನಿಂದ ತುಸು ಕೆಳಗಿರುತ್ತದೆ. ಸುತ್ತು ನಿಲ್ಲುವವರೆಗೆ ಕಾದು ತಲೆಯನ್ನು ಇನ್ನೊಂದು ಪಕ್ಕಕ್ಕೆ ಹೊರಳಿಸುತ್ತಾರೆ. ಮತ್ತೆ ಕಾದು, ಮೈಯನ್ನೂ ಅದೇ ಪಕ್ಕಕ್ಕೆ ಹೊರಳಿಸಿ ಮುಖ ನೆಲ ನೋಡುವಂತೆ ಮಾಡುತ್ತಾರೆ. ಕೊನೆಗೆ ಎಬ್ಬಿಸಿ ಕೂರಿಸುತ್ತಾರೆ. ಇಷ್ಟರಲ್ಲಿ ಹರಳುಗಳು ನಾಳದ ಬಾಗಿನಗುಂಟ ಉರುಳಿ, ಹೊರಟ ಚೀಲಕ್ಕೇ ಮರಳುತ್ತವೆ. ಐದಾರು ನಿಮಿಷದ ಕೆಲಸ, ಬಹುಪಾಲು ಮಂದಿಗೆ ಒಂದೆರಡು ಸಲದಲ್ಲೇ ಗುಣ. ಕಾಯಿಲೆ ಮರುಕಳಿಸಬಹುದು, ಮರುಕಳಿಸಿದರೆ ಮತ್ತೆ ಇದೇ ಕ್ರಮ. ಎಷ್ಟೋ ಮಂದಿ ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗುತ್ತಿರುತ್ತಾರೆ ಎಂಬುದು ಬೇಸರದ ಸಂಗತಿ. ಮಾತ್ರೆ ವಾಕರಿಕೆಯನ್ನು ತಗ್ಗಿಸೀತು, ಹರಳನ್ನು ಅದರ ಜಾಗಕ್ಕೆ ಒಯ್ಯಲಾರದು.

ಎಲ್ಲ ತಲೆಸುತ್ತೂ ಇದೇ ಅಲ್ಲ. ಗಂಟೆಗಟ್ಟಲೆ ಸುತ್ತುತ್ತ, ಒಂದು ಕಿವಿ ತುಂಬಿದಂತಾಗಿ, ಮೊರೆತ ಬಂದು ಕೇಳಿಸುವುದು ಕುಗ್ಗಿದರೆ ಅದು ಮೆನಿಯೇರ್ ಕಾಯಿಲೆ ಇರಬಹುದು. ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಕಿವಿಯ ಯೋಚನೆ ಬಿಟ್ಟು ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅದು ಮಿದುಳಿನ ಪಾರ್ಶ್ವವಾಯು ಆಗಿರಬಹುದು.

ಕೇಶಕೋಶ ಸತ್ತರೆ

ಕೋಳಿಯ ಒಳಕಿವಿಯಲ್ಲಿ ಹಾಳಾದ ಕೇಶಕೋಶಗಳ ಜಾಗಕ್ಕೆ ಹೊಸವು ಹುಟ್ಟುತ್ತವೆ ಎಂಬುದು 1980ರ ದಶಕದಲ್ಲಿ ಪತ್ತೆಯಾಯಿತು. ಮನುಷ್ಯರ ಕಾಕ್ಲಿಯದಲ್ಲಿ ಹುಟ್ಟುವುದಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಬಂದ ಆ ಹದಿನೈದು ಸಾವಿರ ಚಿಲ್ಲರೆ ಕೋಶಗಳಲ್ಲೇ ಬದುಕೆಲ್ಲ ಕಳೆಯಬೇಕು.

ಅವುಗಳನ್ನು ಕೊಲ್ಲುವುದರಲ್ಲಿ ಸದ್ದು ಮುಂದು. ಕಾರ್ಖಾನೆಗಳ ವಿಚಾರದಲ್ಲಿ ಬಹಳ ಕಡೆ ಬಳಸುವ ಲೆಕ್ಕ ಹೀಗಿದೆ: 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಮಿತಿ, ಪ್ರತಿ ಮೂರು ಡೆಸಿಬೆಲ್ ಹೆಚ್ಚಿದಂತೆ ಹೊತ್ತು ಅರ್ಧಕ್ಕೆ ಇಳಿಯಬೇಕು. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 100 ಡೆಸಿಬೆಲ್ಲಿಗೆ ಕೇವಲ ಕಾಲು ಗಂಟೆ. ಮೆರವಣಿಗೆಯ ಡಿಜೆ ಸ್ಪೀಕರಿನ ಎದುರು ಕುಣಿಯುವವರು ಈ ಕಾಲು ಗಂಟೆಯನ್ನು ಮೊದಲೆರಡು ಹಾಡಿನಲ್ಲೇ ಮುಗಿಸಿರುತ್ತಾರೆ. ಜೋರು ಸದ್ದಿಗೆ ರಿಕಾಪನ್ನು ಹಿಂದಕ್ಕೆಳೆದು ಕಾಪಾಡುವ ಪುಟ್ಟ ಸ್ನಾಯುವೊಂದು ಮಧ್ಯಕಿವಿಯಲ್ಲಿದೆ. ಆದರೆ ಪಟಾಕಿ ಸಿಡಿದಾಗ ಆ ಸ್ನಾಯು ಎಚ್ಚರಗೊಳ್ಳುವಷ್ಟರಲ್ಲಿ ಸದ್ದು ಒಳಗೆ ಹೋಗಿ ಮುಗಿದಿರುತ್ತದೆ. ಮಾರನೆ ದಿನ ಗುಂಯ್‌ಗುಡುವುದು ನಿಂತರೆ ಎಲ್ಲ ಸರಿಯಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಕೋಶಕ್ಕೂ ನರಕ್ಕೂ ಇದ್ದ ಕೆಲವು ಕೊಂಡಿಗಳು ಅಷ್ಟರಲ್ಲಿ ಕಳಚಿರಬಹುದು.

ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಜಾತಿಯ ಇಂಜೆಕ್ಷನ್‌ಗಳೂ ಕೇಶಕೋಶಗಳಿಗೆ ವಿಷವಾಗಬಲ್ಲವು. ಒಂದೇ ಜಾತಿಯ ಕೋಶವಾದ್ದರಿಂದ ಕೆಲವರಿಗೆ ಕೇಳಿಸುವುದು ಹೋಗುತ್ತದೆ, ಕೆಲವರಿಗೆ ಸಮತೋಲನ. ಪ್ರಾಣ ಉಳಿಸಲು ಈ ಔಷಧ ಬೇಕಾಗುವ ಸಂದರ್ಭಗಳಿವೆ. ಆಗ ನಡುನಡುವೆ ಶ್ರವಣ ಪರೀಕ್ಷೆ ಮಾಡಿಸಿರೆಂದು ಕೇಳುವುದರಲ್ಲಿ ತಪ್ಪಿಲ್ಲ.

ವಯಸ್ಸಾದವರಲ್ಲಿ ಮೊದಲು ಸೋಲುವುದು ಕಾಕ್ಲಿಯದ ಬುಡ, ಕೀರಲು ಸದ್ದಿನ ಜಾಗ. ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಇರುವುದೂ ಅಲ್ಲೇ, ಸ್ವರಗಳದ್ದು ತುದಿಯ ಕಡೆ. ಅಜ್ಜಿಗೆ ‘ಆಲು’ ಎಂಬುದು ಚೆನ್ನಾಗಿ ಕೇಳಿಸುತ್ತದೆ, ಅದು ಸಾಲೋ ಕಾಲೋ ಶಾಲೋ ತಿಳಿಯುವುದಿಲ್ಲ. ‘ಕೂಗಬೇಡ, ಕೇಳಿಸ್ತದೆ, ಏನಂದೆ ಅಂತ ಗೊತ್ತಾಗ್ಲಿಲ್ಲ’ ಎಂದು ಅವರು ಹೇಳುವುದು ಅಕ್ಷರಶಃ ನಿಜ. ದನಿ ಏರಿಸಿದರೆ ಸ್ವರ ಮಾತ್ರ ಜೋರಾಗುತ್ತದೆ. ಎದುರಿಗೆ ಕೂತು, ಮುಖ ಕಾಣುವಂತೆ, ಬಿಡಿಸಿ ಹೇಳಿದರೆ ತಿಳಿಯುತ್ತದೆ. ಶ್ರವಣಸಾಧನವನ್ನು ಒಬ್ಬೊಬ್ಬರ ಪರೀಕ್ಷೆಗೆ ತಕ್ಕಂತೆ ಹೊಂದಿಸುವುದೂ ಕುಗ್ಗಿದ ಆ ಸದ್ದುಗಳನ್ನು ಮಾತ್ರ ಹೆಚ್ಚು ಹಿಗ್ಗಿಸುವುದಕ್ಕೇ.

ಹುಟ್ಟಿನಿಂದಲೇ ಕೇಶಕೋಶಗಳು ಕೆಲಸ ಮಾಡದ ಮಕ್ಕಳಲ್ಲಿ ನರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಈ ಅಂಶವನ್ನೇ ನೆಚ್ಚಿಕೊಂಡಿದೆ. ಸುರುಳಿಯೊಳಗೆ ಎಲೆಕ್ಟ್ರೋಡುಗಳ ತೆಳ್ಳನೆ ತಂತಿ ಇಳಿಸಿ, ಸತ್ತ ಕೋಶಗಳನ್ನು ದಾಟಿ ನರಕ್ಕೇ ನೇರವಾಗಿ ಸಂಕೇತ ಕೊಡುತ್ತಾರೆ. ಮಿದುಳು ಮಾತು ಕಲಿಯುವ ಮೊದಲ ವರ್ಷಗಳು ಕಳೆದರೆ ಅದರ ಲಾಭ ತಗ್ಗುತ್ತದೆ. ಅದಕ್ಕೇ ಹುಟ್ಟಿದ ಕೂಡಲೇ ಪರೀಕ್ಷೆಯಾಗಬೇಕು. ‘ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿಯೇ ಮಾತಾಡಿದ್ದು’ ಎಂದು ಮೂರು ವರ್ಷ ಕಾಯಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಈ ವಿದ್ಯೆ ಕಲಿಸಿದೆ. ಹಸುಗೂಸುಗಳ ತಪಾಸಣೆಯಿಂದ ಹಿಡಿದು ಮಾತಿನ ತರಬೇತಿಯವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ.

ಕಾಯಬಾರದ ಒಂದು ಸಂದರ್ಭ

ರಾತ್ರಿ ಮಲಗುವಾಗ ಸರಿಯಿದ್ದ ಒಂದು ಕಿವಿ ಬೆಳಗ್ಗೆ ಏಳುವಷ್ಟರಲ್ಲಿ ಕೇಳಿಸದಂತಾಗುವುದುಂಟು. ಆ ಕಡೆ ಫೋನ್ ಹಿಡಿದಾಗಲೇ ಹಲವರಿಗೆ ಗೊತ್ತಾಗುವುದು. ಗುಗ್ಗೆ ಕಟ್ಟಿರಬೇಕು, ನೆಗಡಿ ಇರಬೇಕು ಎಂದು ಎಣ್ಣೆ ಬಿಟ್ಟುಕೊಂಡು ವಾರ ಕಳೆಯುತ್ತಾರೆ. ಒಳಕಿವಿಯೇ ದಿಢೀರನೆ ಸೋತಿದ್ದರೆ ಸ್ಟೀರಾಯ್ಡ್ ಚಿಕಿತ್ಸೆಯಿಂದ ಕೇಳಿಸುವುದು ಮರಳುವ ಅವಕಾಶ ಮೊದಲ ಎರಡು ವಾರಗಳಲ್ಲಿ ಹೆಚ್ಚು, ಮೊದಲ ದಿನಗಳಲ್ಲಿ ಇನ್ನೂ ಹೆಚ್ಚು. ಗುಗ್ಗೆಯೋ ಒಳಕಿವಿಯೋ ಎಂಬುದನ್ನು ಇಎನ್‌ಟಿ ವೈದ್ಯರು ಕಿವಿಯೊಳಗೆ ಇಣುಕಿ, ಒಂದು ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೀಟಿ ಹಣೆಗೆ ಇಟ್ಟು, ಎರಡು ನಿಮಿಷದಲ್ಲಿ ಅಂದಾಜು ಮಾಡಬಲ್ಲರು. ಅದೇ ದಿನ ಹೋಗಿ ತೋರಿಸಿ.